ಚುರುಕು ಮಗುವಿಗೆ ದಾರಿ ಹುಡುಕುವವರಿಗೆ: ಕಂಟೋನ್ಮೆಂಟ್‌ನಿಂದ ಕೆ.ಆರ್. ಪುರದವರೆಗಿನ ಅನುಭವದ ಪಾಠಗಳು

ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಶಾಲೆಗಳಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟೆ. ಆಮೇಲೆ ಆಪ್ತಸಮಾಲೋಚನೆ ಕಲಿತೆ. ಈಗ ಹಲಸೂರಿನಲ್ಲಿ ಕೂತು ತಂದೆತಾಯಿಯರ ಜೊತೆ ಮಾತಾಡುವುದೇ ನನ್ನ ಕೆಲಸ. ಮೂರು ವರ್ಷಕ್ಕೇ ಅಂಗಡಿ ಬೋರ್ಡುಗಳನ್ನು ಓದಿದ ಮಗು, ಏಳಕ್ಕೇ ಋಣಸಂಖ್ಯೆಗಳ ಬಗ್ಗೆ ಜಗಳವಾಡುವ ಮಗು, ತರಗತಿಯಲ್ಲಿ ಸುಮ್ಮನೆ ಕೂರದೆ ದಿನವೂ ಡೈರಿಯಲ್ಲಿ ದೂರು ತರುವ ಮಗು, ಇಂಥವರನ್ನು ಕರೆದುಕೊಂಡು ಬರುತ್ತಾರೆ. ಬಂದವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಮೇಡಂ, ಇವನಿಗೆ ಅಂತ ಎಲ್ಲಾದರೂ ಪ್ರೋಗ್ರಾಮ್ ಇದೆಯಾ?’ ಅವರಿಗೆ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಮಗು ಏನು ಕೇಳುತ್ತದೆ ಎಂದು ಬರೆದಿಡಿ

ಫಾರಂ ತುಂಬುವ ಮುಂಚೆ ಒಂದು ನೋಟ್‌ಬುಕ್ ಇಡಿ. ಮಗು ತಾನಾಗಿ ಕೇಳಿದ ಪ್ರಶ್ನೆ, ಯಾರೂ ಹೇಳದೆ ಮಾಡಿದ ಕೆಲಸ, ಎಷ್ಟು ಹೊತ್ತು ಅದರಲ್ಲೇ ಮುಳುಗಿತ್ತು, ಎಲ್ಲಿ ಕೈಬಿಟ್ಟಿತು, ಇಷ್ಟನ್ನು ತಾರೀಕು ಹಾಕಿ ಬರೆಯಿರಿ. ಅಂಕ, ರ‍್ಯಾಂಕು, ಬಹುಮಾನ ಬೇಡ. ಒಂದೆರಡು ತಿಂಗಳಲ್ಲಿ ಮಗುವಿನ ಒಲವು ಯಾವ ಕಡೆ ಎಂದು ಕಾಣತೊಡಗುತ್ತದೆ. ಗಣಿತದಲ್ಲಿ ಮುಂದಿರುವ ಮಗು ಬರವಣಿಗೆಯಲ್ಲಿ ತನ್ನ ವಯಸ್ಸಿನವರಂತೆಯೇ ಇರಬಹುದು. ಸಿಟ್ಟು, ಅಳು, ಭಯಗಳಲ್ಲಿ ಅದಕ್ಕಿಂತ ಚಿಕ್ಕ ಮಗುವಿನಂತೆಯೂ ಇರಬಹುದು. ‘ಎಲ್ಲದರಲ್ಲೂ ಶಾರ್ಪ್’ ಎಂದು ಕರೆತಂದ ಮಕ್ಕಳಲ್ಲಿ ನಿಜಕ್ಕೂ ಎಲ್ಲದರಲ್ಲೂ ಮುಂದಿದ್ದವರು ಬಹಳ ಅಪರೂಪ. ಆಮೇಲೆ ಶಾಲೆಯವರ ಮುಂದೆ, ಸಂಸ್ಥೆಯವರ ಮುಂದೆ, ಪರೀಕ್ಷೆ ಮಾಡುವ ಮನಃಶಾಸ್ತ್ರಜ್ಞರ ಮುಂದೆ ನಿಮ್ಮ ಬಾಯಿಮಾತಿಗಿಂತ ಈ ನೋಟ್‌ಬುಕ್ ಹೆಚ್ಚು ಕೆಲಸ ಮಾಡುತ್ತದೆ.

2. ಐಕ್ಯೂ ಪರೀಕ್ಷೆ ಬೇಕೇ ಬೇಕು ಅಂತಿಲ್ಲ. ಮಾಡಿಸಿದರೆ ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ಎಂದು ಕೇಳಿ

ಈ ವಿಷಯಕ್ಕೆ ಕನ್ನಡದ ನೆಲದಲ್ಲೇ ದೊಡ್ಡ ಚರಿತ್ರೆಯಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ವಿ.ವಿ. ಕಾಮತರು ಆಗಿನ ಮುಂಬೈ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದ ಕ್ಲಿನಿಕ್‌ಗಳಲ್ಲೆಲ್ಲ ಬಳಕೆಗೆ ಬಂತು, ಈಗಲೂ ಕೆಲವೆಡೆ ಬಳಕೆಯಲ್ಲಿದೆ. ಅದರ ಹಿಂದಿರುವ ಶ್ರಮದ ಬಗ್ಗೆ ನನಗೆ ಅಪಾರ ಗೌರವ. ಆದರೆ ಪರೀಕ್ಷೆಯ ಅಳತೆಗೋಲು ಹಳೆಯದಾದಷ್ಟೂ ಇಂದಿನ ಮಗುವಿನ ಅಂಕ ಉಬ್ಬುತ್ತದೆ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳ ಅಂಕ ಏರುತ್ತಲೇ ಬಂದಿದೆಯೆಂದು ಸಂಶೋಧಕ ಜೇಮ್ಸ್ ಫ್ಲಿನ್ ತೋರಿಸಿಕೊಟ್ಟಿದ್ದಾರೆ. ಹೀಗಾಗಿ ಹಳೆಯ ಅಳತೆಯಲ್ಲಿ 140 ಬಂದ ಮಗು ಹೊಸದರಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ ನಿಂತರೆ ಗಾಬರಿಯಾಗಬೇಡಿ. ಮಗು ಬದಲಾಗಿಲ್ಲ.

ಭಾಷೆಯ ತೊಡಕು ನಮ್ಮ ಪೂರ್ವ ಭಾಗದಲ್ಲಿ ಇನ್ನೂ ಹೆಚ್ಚು. ಶಿವಾಜಿನಗರದ ಮಗುವಿಗೆ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಕೆ.ಆರ್. ಪುರದ ಕಡೆ ತೆಲುಗು ಮನೆಗಳು ಎಷ್ಟೋ. ಇಂಥ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ, ಪದಗಳ ಅರ್ಥ ಕೇಳಿ ಅಂಕ ಹಾಕಿದರೆ ಅಳೆದಂತಾಗುವುದು ಮನೆಯ ಇಂಗ್ಲಿಷನ್ನು. ಮಾತಿನ ಭಾಗದ ಅಂಕ ಬೇರೆ, ಚಿತ್ರ–ಆಕೃತಿಗಳ ಭಾಗದ ಅಂಕ ಬೇರೆ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಒಟ್ಟು ಅಂಕ ಒಂದನ್ನೇ ಹಿಡಿದುಕೊಂಡು ಮನೆಗೆ ಬರಬೇಡಿ.

ಇಂಥ ಪರೀಕ್ಷೆಯ ಕಣ್ಣಿಗೆ ಬೀಳದವರೂ ಇದ್ದಾರೆ. ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿ ಬುದ್ಧಿವಂತ ಮಕ್ಕಳನ್ನು ಇಂಥ ಪರೀಕ್ಷೆಗಳಿಂದಲೇ ಆರಿಸಲು ಹೊರಟರು. ಆಗ ಆಯ್ಕೆಯಾಗದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಹಾಗಾದರೆ ಪರೀಕ್ಷೆ ಯಾವಾಗ ಮಾಡಿಸಬೇಕು? ಮಗು ಬಾಯಲ್ಲಿ ಅದ್ಭುತವಾಗಿ ವಿವರಿಸುತ್ತದೆ, ಬರೆಯಲು ಕೂತರೆ ಒದ್ದಾಡುತ್ತದೆ. ಲೆಕ್ಕ ಸರಸರ ಬರುತ್ತದೆ, ಓದುವಾಗ ಅಕ್ಷರ ತಡವರಿಸುತ್ತದೆ. ಅಂಥಲ್ಲಿ ತಡಮಾಡಬೇಡಿ. ಚುರುಕುತನವೂ ಕಲಿಕಾ ತೊಂದರೆಯೂ ಒಂದೇ ಮಗುವಿನಲ್ಲಿ ಇರುತ್ತವೆ. ಒಂದು ಇನ್ನೊಂದನ್ನು ಮುಚ್ಚಿಬಿಡುವುದರಿಂದ ಮಗು ‘ಪರವಾಗಿಲ್ಲ, ಸುಮಾರು’ ಎಂಬ ಸಾಲಿನಲ್ಲಿ ಕೂತುಬಿಡುತ್ತದೆ. ನಿಮ್ಹಾನ್ಸ್‌ನ ಮಕ್ಕಳ ವಿಭಾಗ ನಮ್ಮ ಊರಿನಲ್ಲೇ ಇದೆ. ಕಲಿಕಾ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗುರುತಿಸಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು.

3. ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ

ಅಮೆರಿಕದಲ್ಲಿ 1971ರಲ್ಲಿ ಜೂಲಿಯನ್ ಸ್ಟ್ಯಾನ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದಂಥ, ಮಕ್ಕಳನ್ನು ಹುಡುಕಿ, ಪರೀಕ್ಷಿಸಿ, ಮುಂದಿನ ಪಾಠಕ್ಕೆ ಸೇರಿಸುವ ಏರ್ಪಾಡನ್ನು ಇಲ್ಲಿ ಹುಡುಕಬೇಡಿ. ಬೆಂಗಳೂರಿನಲ್ಲಿ ಇರುವುದೆಲ್ಲ ಬಿಡಿಬಿಡಿಯಾಗಿದೆ. ಹೊಲಿದು ಜೋಡಿಸುವ ಕೌದಿಯ ಹಾಗೆ, ತುಂಡುಗಳನ್ನು ನೀವೇ ಕೂಡಿಸಬೇಕು.

ಇಂಥ ಮಕ್ಕಳಿಗೆಂದೇ ಕೆಲಸ ಮಾಡಿದ ಸಂಸ್ಥೆಯೆಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಯಾಸ್, ಅಂದರೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಬೆಂಬಲದಿಂದ, ಅನಿತಾ ಕುರುಪ್ ಅವರ ನೇತೃತ್ವದಲ್ಲಿ, ವಿಶೇಷ ಪ್ರತಿಭೆಯ ಮಕ್ಕಳ ಶಿಕ್ಷಣದ ಕಾರ್ಯಕ್ರಮ ಅಲ್ಲಿ ನಡೆದುಬಂತು. ನಮ್ಮ ಮಕ್ಕಳನ್ನು ನಮ್ಮ ಶಾಲೆಗಳಲ್ಲಿ, ಶಿಕ್ಷಕರ ಕಣ್ಣಿನಿಂದ ಗುರುತಿಸುವ ಕ್ರಮವನ್ನು ಕಟ್ಟುವ ಪ್ರಯತ್ನ ಅದು. ಈಗ ಯಾವ ವಯಸ್ಸಿನವರಿಗೆ ಏನು ನಡೆಯುತ್ತಿದೆ ಎಂದು ಸಂಸ್ಥೆಗೇ ಬರೆದು ಕೇಳಿ. ಬರೆಯುವಾಗ ಮೊದಲ ಪಾಠದ ನೋಟ್‌ಬುಕ್ಕಿನ ಎರಡು ಪುಟ ಲಗತ್ತಿಸಿ.

ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಹತ್ತಿರದ್ದು ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯ. ಆಕಾಶದ ಪ್ರದರ್ಶನ ನೋಡಿ, ಐಸ್‌ಕ್ರೀಂ ತಿನ್ನಿಸಿ ವಾಪಸ್ ಕರೆತರುವವರೇ ಹೆಚ್ಚು. ಅಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ‘ಸೈನ್ಸ್ ಓವರ್ ವೀಕೆಂಡ್ಸ್’ ಎಂಬ ವಾರಾಂತ್ಯದ ತರಗತಿಗಳು ನಡೆಯುತ್ತವೆ, ಪದವಿ ಓದುವವರಿಗೆ ‘ರೀಪ್’ ಎಂಬ ಕಾರ್ಯಕ್ರಮವಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪ್ರಯೋಗ ಕೈಯಾರೆ ಮಾಡಿ, ತಪ್ಪಾದರೆ ಯಾಕೆ ತಪ್ಪಾಯಿತು ಎಂದು ವಾದಿಸಲು ಅವಕಾಶವಿರುವ ಜಾಗ ಅದು. ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯವರ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಉಪನ್ಯಾಸಗಳೂ ಅಲ್ಲಿ ನಡೆದಿವೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಎಂ.ಜಿ. ರಸ್ತೆ ನಿಲ್ದಾಣದಿಂದ ನಡೆದೇ ಹೋಗಬಹುದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಬಾಗಿಲನ್ನು ಎಲ್ಲರಿಗೂ ತೆರೆಯುವ ‘ಓಪನ್ ಡೇ’ ಇದೆ. ಆ ದಿನ ಹತ್ತು ವಿಭಾಗ ಓಡಾಡಿಸಬೇಡಿ. ಒಂದೇ ಪ್ರಯೋಗಾಲಯದ ಮುಂದೆ ಮಗು ನಿಂತಷ್ಟು ಹೊತ್ತು ನಿಲ್ಲಲು ಬಿಡಿ. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ಮಕ್ಕಳ ಪ್ರಶ್ನೆಗೆ ಎಷ್ಟು ಪ್ರೀತಿಯಿಂದ ಉತ್ತರಿಸುತ್ತಾರೆಂದು ನೋಡಿಯೇ ತಿಳಿಯಬೇಕು.

2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಮೆಟ್ರೊ ಶುರುವಾದ ಮೇಲೆ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ನೇರಳೆ ಮಾರ್ಗದಲ್ಲಿ ನೇರವಾಗಿ ಕಬ್ಬನ್ ಪಾರ್ಕಿಗೆ ಬಂದಿಳಿಯಬಹುದು. ‘ಅಷ್ಟು ದೂರ ಯಾರು ಕರೆದುಕೊಂಡು ಹೋಗ್ತಾರೆ’ ಎನ್ನುತ್ತಿದ್ದ ಕೆ.ಆರ್. ಪುರ, ಮಹದೇವಪುರದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ. ಅಲ್ಲೇ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಭವನದ ರಾಜ್ಯ ಕೇಂದ್ರ ಗ್ರಂಥಾಲಯವಿದೆ, ಮಕ್ಕಳಿಗಾಗಿಯೇ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯವಿದೆ. ಪುಸ್ತಕ ಕೊಳ್ಳಬೇಕಿದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳು. ಮಗು ತಾನೇ ಹುಡುಕಿ ಆರಿಸಲಿ, ನೀವು ಹೊರಗೆ ಕಾಫಿ ಕುಡಿಯಿರಿ.

4. ಶಾಲೆಯಲ್ಲಿ ಸಣ್ಣದನ್ನು ಕೇಳಿ, ಖಚಿತವಾಗಿ ಕೇಳಿ

‘ನಮ್ಮ ಮಗು ಗಿಫ್ಟೆಡ್, ಏನಾದರೂ ಮಾಡಿ’ ಎಂದರೆ ಐವತ್ತು ಮಕ್ಕಳ ತರಗತಿಯನ್ನು ನಿಭಾಯಿಸುವ ಟೀಚರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಮನಸ್ಸಿಗೆ ನೋವೂ ಆಗುತ್ತದೆ. ಅದರ ಬದಲು ಹೀಗೆ ಕೇಳಿ: ಕೊಟ್ಟ ಲೆಕ್ಕ ಮುಗಿದ ಮೇಲೆ ಅವಳು ತನ್ನದೇ ಪುಸ್ತಕ ತೆಗೆಯಬಹುದೇ? ಗೊತ್ತಿರುವ ಪಾಠದ ಇಪ್ಪತ್ತು ಲೆಕ್ಕದ ಬದಲು ಕಷ್ಟದ ಐದನ್ನು ಮಾಡಿ ತೋರಿಸಿದರೆ ಸಾಕೇ? ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಮೇಲಿನ ತರಗತಿಯಲ್ಲಿ ಕೂರಬಹುದೇ? ಹೀಗೆ ಕೇಳಿದಾಗ ಒಪ್ಪಿದ ಹೆಡ್‌ಮಿಸ್ಟ್ರೆಸ್‌ಗಳನ್ನು ನಾನು ಸರ್ಕಾರಿ ಶಾಲೆಯಲ್ಲೂ ಕಂಡಿದ್ದೇನೆ, ಕಾನ್ವೆಂಟಿನಲ್ಲೂ ಕಂಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕನೇ ಅಧ್ಯಾಯದ ಕೊನೆಯ ಭಾಗದಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬೆಂಬಲಕ್ಕೆಂದೇ ಮಾತಿದೆ, ವಿಷಯವಾರು ಕ್ಲಬ್‌ಗಳ ಪ್ರಸ್ತಾಪವಿದೆ. ಜಗಳಕ್ಕಲ್ಲ, ಮಾತು ಶುರು ಮಾಡಲು ಆ ಪುಟ ಕೈಯಲ್ಲಿರಲಿ.

ಮಗುವಿನ ಮಟ್ಟ ತಿಳಿಯಲು ಸ್ಟ್ಯಾನ್ಲಿಯ ಉಪಾಯವೊಂದು ಮನೆಯಲ್ಲೇ ಮಾಡುವಂಥದ್ದು. ತನ್ನ ತರಗತಿಯ ಪತ್ರಿಕೆಯಲ್ಲಿ ನೂರಕ್ಕೆ ನೂರು ತೆಗೆಯುವ ಮಗುವಿಗೆ ಎರಡು ತರಗತಿ ಮೇಲಿನ ಪ್ರಶ್ನೆಪತ್ರಿಕೆ ಕೊಡಿ. ಸ್ಟ್ಯಾನ್ಲಿ ಹನ್ನೆರಡು–ಹದಿಮೂರರ ಮಕ್ಕಳಿಗೆ ಕಾಲೇಜು ಪ್ರವೇಶದ ಸ್ಯಾಟ್ ಪತ್ರಿಕೆಯನ್ನೇ ಕೊಟ್ಟಿದ್ದರು. ನೂರು ತೆಗೆದ ಇಬ್ಬರು ಮಕ್ಕಳ ನಡುವಿನ ವ್ಯತ್ಯಾಸ ಆಗ ಕಾಣುತ್ತದೆ.

ಡಬಲ್ ಪ್ರಮೋಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿ.ವಿ. ರಾಮನ್ ಹನ್ನೊಂದಕ್ಕೇ ಮೆಟ್ರಿಕ್ ಮುಗಿಸಿದ್ದ ಕಾಲ ಬೇರೆ. ಇಂದು ಒಂದನೇ ತರಗತಿಗೇ 6 ವರ್ಷದ ನಿಯಮ, ಮುಕ್ತ ಶಾಲೆಯಾದ ಎನ್‌ಐಒಎಸ್‌ನ ಹತ್ತನೇ ತರಗತಿ ಪರೀಕ್ಷೆಗೂ ಕನಿಷ್ಠ 14 ವರ್ಷ. ನಿಯಮ ಸಡಿಲವಾಗಿದ್ದರೂ ನಾನು ಇಡೀ ವರ್ಷ ಹಾರಿಸುವುದಕ್ಕಿಂತ ಒಂದು ವಿಷಯದಲ್ಲಿ ಮುಂದೆ ಹೋಗಲು ಬಿಡುವುದನ್ನೇ ಹೇಳುತ್ತೇನೆ. ಹಾಗಾದರೆ ಊಟದ ಹೊತ್ತಿಗೆ ಮಗುವಿನ ಸ್ನೇಹಿತರು ಜೊತೆಗಿರುತ್ತಾರೆ.

5. ಯಾವ ಒಲಿಂಪಿಯಾಡ್ ಎಂದು ನೋಡಿ ದುಡ್ಡು ಕಟ್ಟಿ

ಶಾಲೆಯಲ್ಲಿ ಫಾರಂ ಹಂಚಿ, ಫೀಸು ತೆಗೆದುಕೊಂಡು, ತರಗತಿಗೊಂದಿಷ್ಟು ಪದಕ ಕೊಡುವ ಖಾಸಗಿ ‘ಒಲಿಂಪಿಯಾಡ್’ಗಳು ಬೇರೆ. ದೇಶದ ತಂಡ ಆರಿಸುವ ದಾರಿ ಬೇರೆ. ಗಣಿತದಲ್ಲಿ ಆ ದಾರಿ ಐಒಕ್ಯೂಎಂ ಎಂಬ ಪತ್ರಿಕೆಯಿಂದ ಶುರು: ಮೂರು ಗಂಟೆ, 30 ಪ್ರಶ್ನೆ, ಎಲ್ಲ ಉತ್ತರವೂ ಎರಡಂಕಿಯೊಳಗಿನ ಪೂರ್ಣಾಂಕ. ಅದು ದಾಟಿದರೆ ಪ್ರಾದೇಶಿಕ ಹಂತ, ಆಮೇಲೆ ರಾಷ್ಟ್ರೀಯ ಹಂತ, ಅಲ್ಲಿಂದ ತರಬೇತಿ ಶಿಬಿರ, ಕೊನೆಗೆ ಆರು ಮಂದಿಯ ತಂಡ. ಇದರ ಹಿಂದಿರುವುದು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮತ್ತು ಗಣಿತ ಶಿಕ್ಷಕರ ಸಂಘ.

ಭಾರತ 1989ರಿಂದ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಹೋಗುತ್ತಿದೆ. ಆ ಹಾದಿಗೆ ಮಕ್ಕಳನ್ನು ಸಜ್ಜುಗೊಳಿಸುವ ಕೆಲಸದ ಬಹುಭಾಗ ನಡೆದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಣಿತ ಒಲಿಂಪಿಯಾಡ್ ಘಟಕದಿಂದ. ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ, ಸಿ.ಎಸ್. ಯೋಗಾನಂದ ಈ ಮೂವರ ಹೆಸರನ್ನು ಬೆಂಗಳೂರಿನ ಗಣಿತದ ಮನೆಗಳು ಮರೆಯಬಾರದು. ಅವರು ಸೇರಿ ಬರೆದ ಸಮಸ್ಯೆಗಳ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಒಂದು ಸಮಸ್ಯೆ ಕೊಟ್ಟು, ವಾರವಿಡೀ ಉತ್ತರ ಹೇಳದೆ ಬಿಡಿ. ಶಾಲೆಯಲ್ಲಿ ಎಲ್ಲವೂ ಮೊದಲ ಏಟಿಗೇ ಬರುವ ಮಗುವಿಗೆ ಬಾರದೆ ಇರುವುದರ ಜೊತೆ ಕೂರುವ ಅಭ್ಯಾಸ ಎಂಟನೇ ತರಗತಿಯೊಳಗೆ ಆಗದಿದ್ದರೆ, ಪಿಯುಸಿಯಲ್ಲಿ ಮೊದಲ ಸಲ ಕಷ್ಟ ಎದುರಾದಾಗ ಕುಸಿಯುವುದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನೊಂದು ಮಾತು. ತಾವು ಬರೆದಿದ್ದ ಎನ್‌ಟಿಎಸ್‌ಇ, ಕೆವಿಪಿವೈ ವಿದ್ಯಾರ್ಥಿವೇತನ ಪರೀಕ್ಷೆಗಳನ್ನು ಮಕ್ಕಳಿಗೂ ಬರೆಸಬೇಕೆಂದು ಬರುವ ತಂದೆತಾಯಿ ಇದ್ದಾರೆ. ಎನ್‌ಟಿಎಸ್‌ಇ 2021ರಿಂದ ನಿಂತಿದೆ. 1999ರಲ್ಲಿ ಶುರುವಾಗಿದ್ದ ಕೆವಿಪಿವೈ 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಅವುಗಳ ಹೆಸರಿನಲ್ಲಿ ಯಾರಾದರೂ ಕೋಚಿಂಗ್ ಮಾರಿದರೆ ಸೇರಬೇಡಿ.

6. ಕಣ್ಣು ಕಟ್ಟಿ ಓದಿಸುವವರ ಹತ್ತಿರ ಹೋಗಬೇಡಿ

‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂದು ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ಬಣ್ಣ ಹೇಳಿಸುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ಮಗು ನೋಡುತ್ತದೆ, ಅಷ್ಟೇ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಇದನ್ನು ಊರೂರಲ್ಲಿ ಬಯಲು ಮಾಡಿ ತೋರಿಸಿದ್ದಾರೆ. ಬೆರಳಚ್ಚು ನೋಡಿ ಬುದ್ಧಿಯ ಬಗೆ ಹೇಳುವ ಡಿಎಂಐಟಿಗೂ ವಿಜ್ಞಾನದ ಆಧಾರವಿಲ್ಲ. ದುಡ್ಡು ಹೋಗುವುದಕ್ಕಿಂತ ನನಗೆ ಸಂಕಟವಾಗುವುದು ಬೇರೆಯದಕ್ಕೆ: ಅಪ್ಪ ಅಮ್ಮನ ಮುಖದಲ್ಲಿ ಸಂತೋಷ ಕಾಣಲೆಂದು ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ.

7. ಶಕುಂತಲಾ ದೇವಿಯವರ ಬಾಲ್ಯವನ್ನು ಓದಿಕೊಳ್ಳಿ

ಅವರು ಹುಟ್ಟಿದ್ದು ಬೆಂಗಳೂರಿನ ಕನ್ನಡ ಮನೆಯಲ್ಲಿ, 1929ರಲ್ಲಿ. ತಂದೆ ಸರ್ಕಸ್ಸಿನಲ್ಲಿದ್ದವರು. ಇಸ್ಪೀಟೆಲೆಯ ಆಟದಲ್ಲಿ ಮಗಳ ನೆನಪಿನ ಶಕ್ತಿ ಕಂಡು ಪ್ರದರ್ಶನಕ್ಕೆ ಕರೆದೊಯ್ದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಶಾಲೆಯ ಓದು ಅವರಿಗೆ ಸಿಗಲೇ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎರಡು 13 ಅಂಕಿಯ ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಹೆಣ್ಣುಮಗಳಿಗೆ ಹತ್ತನೇ ವಯಸ್ಸಿನಲ್ಲಿ ಒಬ್ಬ ಒಳ್ಳೆಯ ಗಣಿತದ ಗುರು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರ ಮನೆಯಲ್ಲಿ ಬಡತನವಿತ್ತು, ಆ ದುಡಿಮೆ ಬೇಕಿತ್ತು. ಇಂದಿರಾನಗರದ ಮನೆಗೆ ಅಂಥ ಅಗತ್ಯವೇನೂ ಇಲ್ಲ. ಆದರೂ ಮನೆಗೆ ಬಂದ ನೆಂಟರ ಮುಂದೆ ‘ಅಂಕಲ್‌ಗೆ ಹೇಳು ಪುಟ್ಟ, ಹದಿನೇಳು ಇಂಟು ಇಪ್ಪತ್ಮೂರು ಎಷ್ಟು?’ ಎನ್ನುವುದು ನಿಲ್ಲುವುದಿಲ್ಲ. ರೀಲ್ಸ್ ಮಾಡಿ ಹಾಕುವುದೂ ಅದೇ. ಚಪ್ಪಾಳೆ ಸಿಗುವ ಉತ್ತರವನ್ನೇ ಮತ್ತೆ ಮತ್ತೆ ಕೊಡಲು ಕಲಿತ ಮಗು, ಹೊಸ ಪ್ರಶ್ನೆಗೆ ಕೈಹಾಕಲು ಹೆದರುತ್ತದೆ. ದಯವಿಟ್ಟು ನಿಲ್ಲಿಸಿ.

8. ಜೊತೆಗೊಬ್ಬರು ಬೇಕು

ಎಂಟು ವರ್ಷದ ಹುಡುಗಿಗೆ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಮಾತಾಡಬೇಕಿದೆ, ಕೇಳಿಸಿಕೊಳ್ಳುವವರು ಇಲ್ಲ. ಅವಳಿಗೆ ಬೇಕಿರುವುದು ಅಂಥ ಇನ್ನೊಂದಿಬ್ಬರು ಮಕ್ಕಳು ಮತ್ತು ವಿಷಯ ಗೊತ್ತಿರುವ, ‘ನನಗೂ ಗೊತ್ತಿಲ್ಲ, ನೋಡೋಣ’ ಎನ್ನಬಲ್ಲ ಒಬ್ಬ ದೊಡ್ಡವರು. ಅವರು ಅಪಾರ್ಟ್‌ಮೆಂಟಿನ ನಿವೃತ್ತ ಎಂಜಿನಿಯರ್ ಆಗಿರಬಹುದು. ಸಿ.ವಿ. ರಾಮನ್ ನಗರ, ಎಚ್‌ಎಎಲ್ ಸುತ್ತಮುತ್ತ ಇಂಥ ತಾತಂದಿರು ಬೀದಿಗೊಬ್ಬರಿದ್ದಾರೆ, ಕೇಳಿದರೆ ಬೇಡ ಎನ್ನುವವರು ಕಡಿಮೆ. ಭಾನುವಾರ ಒಂದು ಗಂಟೆ, ಒಂದು ಕಪ್ಪು ಹಲಗೆ, ನಾಲ್ಕು ಮಕ್ಕಳು, ಕೊಠಡಿಯಲ್ಲಿ ಇನ್ನೊಬ್ಬ ದೊಡ್ಡವರು. ನಾನು ಕಂಡ ದುಬಾರಿ ಶಿಬಿರಗಳಲ್ಲಿ ಹೆಚ್ಚಿನವು ಇದಕ್ಕೆ ಸಮವಲ್ಲ.

9. ಯಾರೂ ಕರೆತರದ ಮಕ್ಕಳು

ನನ್ನ ಬಳಿ ಬರುವವರು ಪ್ರೋಗ್ರಾಮ್ ಇದೆಯೆಂದು ಊಹಿಸಬಲ್ಲವರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಪ್ಪನ ಅಂಗಡಿ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುವ ಹುಡುಗ, ಕೆ.ಆರ್. ಪುರ ಸಂತೆಯಲ್ಲಿ ಅಮ್ಮನ ಜೊತೆ ಸೊಪ್ಪು ಮಾರುತ್ತಾ ಚಿಲ್ಲರೆ ಎಣಿಸುವ ಹುಡುಗಿ, ಇವರನ್ನು ಯಾರೂ ಕರೆತರುವುದಿಲ್ಲ. ಪ್ರತಿಭೆ ಇಂದಿರಾನಗರದಲ್ಲೇ ಹೆಚ್ಚು ಹುಟ್ಟುತ್ತದೆಂದು ನಾನು ನಂಬುವುದಿಲ್ಲ. ಅಲ್ಲಿ ಅದನ್ನು ನೋಡುವ ಕಣ್ಣುಗಳು ಹೆಚ್ಚಿವೆ. ಅದಕ್ಕೇ ಈ ಪಾಠ ಶಿಕ್ಷಕರಿಗೆ, ಟ್ಯೂಷನ್ ಹೇಳುವವರಿಗೆ, ಮನೆಕೆಲಸದವರ ಮಕ್ಕಳನ್ನು ದಿನವೂ ನೋಡುವ ಮನೆಗಳಿಗೆ.

ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಗುವಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಿದೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಕನ್ನಡದಲ್ಲೇ ಬರೆಯಬಹುದು. ಹುಡುಗಿಯರ ವಿಷಯದಲ್ಲಿ ಈ ದುಡ್ಡಿನ ಬೆಲೆ ಅಂಕಿಗಿಂತ ದೊಡ್ಡದು. ಒಂಬತ್ತನೇ ತರಗತಿಗೆ ‘ಓದು ಸಾಕು’ ಎನ್ನುವ ಮನೆಯಲ್ಲಿ ಸರ್ಕಾರವೇ ಅವಳ ಹೆಸರಿಗೆ ದುಡ್ಡು ಹಾಕುತ್ತಿದೆ ಎಂಬ ಮಾತು ಚರ್ಚೆಯನ್ನೇ ತಿರುಗಿಸಿದ್ದನ್ನು ಕಂಡಿದ್ದೇನೆ. ಐದನೇ ತರಗತಿಯಲ್ಲಿದ್ದರೆ ನವೋದಯದ ಪ್ರವೇಶ ಪರೀಕ್ಷೆ ಬರೆಸಿ. ಅಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು ಎಂಬುದನ್ನು ಮೊದಲೇ ಹೇಳಿ, ಆಸೆ ಮಾತ್ರ ಬಿಡಬೇಡಿ. ಹತ್ತರಿಂದ ಹದಿನೇಳು ವರ್ಷದವರಿಗೆ ಮಕ್ಕಳ ವಿಜ್ಞಾನ ಸಮಾವೇಶವಿದೆ. ಕರ್ನಾಟಕದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ತನ್ನ ಬೀದಿಯ ಸಮಸ್ಯೆಯನ್ನೇ ಎತ್ತಿಕೊಂಡು ಅಧ್ಯಯನ ಮಾಡಬಹುದು. ಹಲಸೂರು ಕೆರೆಯ ನೀರು ಒಂದು ಒಳ್ಳೆಯ ವಿಷಯ. ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಕನ್ನಡ ಮಾಧ್ಯಮದ ಒಂದು ಶಾಲೆಗೆ ತರಿಸಿಕೊಡುವುದು ಯಾರಿಗೂ ಭಾರವಲ್ಲ. ಹೊಸ ಆಲೋಚನೆ ಇರುವ ಮಗುವಿಗೆ ಇನ್‌ಸ್ಪೈರ್–ಮಾನಕ್‌ನಲ್ಲಿ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಹೆಸರು ಕಳಿಸುವುದು ಶಾಲೆಯೇ.

ಎನ್‌ಎಂಎಂಎಸ್‌ಗೂ ಅರ್ಜಿ ಹೋಗುವುದು ಶಾಲೆಯ ಮೂಲಕವೇ. ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಜಾತಿ–ಪಂಗಡದವರಿಗೆ ಶೇ. 50. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಲು ದಿನ ಹಿಡಿಯುತ್ತದೆ, ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಬೇಕು, ಆಧಾರ್‌ನಲ್ಲಿರುವ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೂ ದುಡ್ಡು ತಡೆಯುತ್ತದೆ. ಅರ್ಜಿ ಕರೆಯುವ ಹೊತ್ತಿಗೆ ಇವನ್ನೆಲ್ಲ ಓಡಾಡಿ ಮಾಡಿಸಲು ದಿನಗೂಲಿಯ ಮನೆಗೆ ಆಗುವುದಿಲ್ಲ. ಆದ್ದರಿಂದ ಏಳನೇ ತರಗತಿ ಮುಗಿಯುವ ಮುಂಚೆಯೇ ಆ ಮಗುವಿನ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕಾಗದಪತ್ರ ಸರಿಮಾಡಿಸಿ, ಪ್ರತಿಗಳ ಒಂದು ಕಟ್ಟನ್ನು ಹೆಡ್‌ಮಾಸ್ಟರ ಬಳಿ ಇಡಿಸಿ.